ಪ್ಲೇಟ್ ನಿಂತಿತು, ಪೀಜೋಮೀಟರ್ ಇಳಿಯಲಿಲ್ಲ: ಮೆತ್ತನೆ ಜೇಡಿಯ ಮೇಲಿನ ಏರಿಯಲ್ಲಿ ದೋಷ ಹುಡುಕುವ ಬಗೆ

ಮೆತ್ತನೆ ಜೇಡಿಯ ಮೇಲೆ ಮಣ್ಣಿನ ಏರಿ ಕಟ್ಟಿದವರಿಗೆ ಈ ತಲೆನೋವು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸೆಟಲ್‌ಮೆಂಟ್ ಪ್ಲೇಟ್ (ನೆಲ ಎಷ್ಟು ಇಳಿಯಿತೆಂದು ನೋಡಲು ಏರಿಯಡಿ ಇಟ್ಟು ಮೇಲಕ್ಕೆ ಪೈಪ್ ನಿಲ್ಲಿಸಿದ ತಗಡು) ಒಂದು ಹೇಳುತ್ತದೆ, ಪೀಜೋಮೀಟರ್ (ಜೇಡಿಯೊಳಗಿನ ನೀರಿನ ಒತ್ತಡ ಅಳೆಯುವ ಉಪಕರಣ) ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಬೇಕು? ಸಾಮಾನ್ಯವಾಗಿ ನಡೆಯುವುದು ಏನೆಂದರೆ, ಕೆಲಸ ಬೇಗ ಮುಗಿಸುವ ಕಡೆಯ ಸಂಖ್ಯೆಯನ್ನು ನಂಬುತ್ತಾರೆ. ಇನ್ನೊಂದು ಉಪಕರಣ ಕೆಟ್ಟಿದೆ ಅನ್ನುತ್ತಾರೆ. ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಇದು ಎರಡು ಸಲ ಆಯಿತು, ಎರಡೂ ಸಲ ಬೇರೆ ಬೇರೆ ಕಾರಣಕ್ಕೆ. ಅದನ್ನೇ ಹಿಡಿದುಕೊಂಡು ವಿವರಿಸುತ್ತೇನೆ. ಲೆಕ್ಕ ಓದಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಕರಾವಳಿಯ ಒಂದು ಸೇತುವೆಗೆ ಹತ್ತುವ ರಸ್ತೆ ಅದು. ಬೈಲು ಗದ್ದೆ, ಪಕ್ಕದಲ್ಲೇ ಉಪ್ಪುನೀರಿನ ಹೊಳೆ. ಅಘನಾಶಿನಿ ಕಡೆಯ ಗಜನಿ ಗದ್ದೆಗೆ ಇಳಿದವರಿಗೆ ಇಂಥ ಮಣ್ಣು ಗೊತ್ತಿರುತ್ತದೆ. ಕಾಲು ಮೊಣಕಾಲವರೆಗೆ ಹೋಗುತ್ತದೆ, ಎಳೆದರೆ ಪಚಕ್ ಅಂತ ಬರುತ್ತದೆ. ಇಲ್ಲಿ ಬೂದು ಬಣ್ಣದ ಜೇಡಿ 12 ಮೀಟರ್ ಆಳದವರೆಗಿತ್ತು. ಅದರೊಳಗೆ 1.2 ಮೀಟರ್ ಅಂತರದಲ್ಲಿ, ತ್ರಿಕೋನ ಜೋಡಣೆಯಲ್ಲಿ, ಪ್ಲಾಸ್ಟಿಕ್ಕಿನ ಡ್ರೈನ್ ಪಟ್ಟಿಗಳನ್ನು ಇಳಿಸಿದ್ದರು. ಪಟ್ಟಿ 100 ಮಿ.ಮೀ. ಅಗಲ, 4 ಮಿ.ಮೀ. ದಪ್ಪ. ಮೇಲೆ ಅರ್ಧ ಮೀಟರ್ ಮರಳಿನ ಹಾಸು. ಅದರ ಮೇಲೆ ಕೆಂಪು ಮಣ್ಣು, ಹಾಸೂ ಸೇರಿ ಒಟ್ಟು 4 ಮೀಟರ್.

ನಡೆಯುವುದು ಇಷ್ಟೇ. ಮಣ್ಣಿನ ಭಾರ ಮೊದಲು ಜೇಡಿಯೊಳಗಿನ ನೀರಿನ ಮೇಲೆ ಬೀಳುತ್ತದೆ. ನೀರು ಪಟ್ಟಿಯ ಕಡೆಗೆ ಅಡ್ಡಡ್ಡ ಬಸಿದು, ಪಟ್ಟಿಯಲ್ಲಿ ಮೇಲೇರಿ, ಮರಳಿನ ಹಾಸಿನಲ್ಲಿ ಹರಿದು, ಏರಿಯ ಬುಡದಿಂದ ಆಚೆ ಹೋಗಬೇಕು. ಹೋದಷ್ಟೂ ಭಾರ ಮಣ್ಣಿನ ಕಣಗಳಿಗೆ ದಾಟುತ್ತದೆ, ನೆಲ ಇಳಿಯುತ್ತದೆ. ಪೀಜೋಮೀಟರ್ ಅಳೆಯುವುದು ಉಳಿದ ನೀರಿನ ಒತ್ತಡವನ್ನು. ಪ್ಲೇಟ್ ಅಳೆಯುವುದು ಇಳಿದ ನೆಲವನ್ನು. ಎರಡೂ ಒಂದೇ ಕೆಲಸದ ಎರಡು ಮುಖ. ಹಾಗಾಗಿ ಎರಡೂ ಹೊಂದಿಕೆಯಾಗದಿದ್ದರೆ ಎಲ್ಲೋ ಏನೋ ತಪ್ಪಿದೆ.

ಮೊದಲು ಅಪಾಯ ಇಲ್ಲವೆಂದು ಖಚಿತ ಮಾಡಿಕೊಳ್ಳಿ

ನೆಲ ಇಳಿಯುತ್ತಿದೆ, ಒತ್ತಡ ಮಾತ್ರ ಇಳಿಯುತ್ತಿಲ್ಲ ಅಂದರೆ ಒಂದು ಕೆಟ್ಟ ಸಾಧ್ಯತೆ ಇದೆ. ನೀರು ಹೊರಗೆ ಹೋಗದೆಯೇ ಜೇಡಿ ಪಕ್ಕಕ್ಕೆ ಜಾರುತ್ತಿರಬಹುದು. ಏರಿಯ ಬುಡದಲ್ಲಿ ಇನ್‌ಕ್ಲಿನೋಮೀಟರ್ (ನೆಲ ಪಕ್ಕಕ್ಕೆ ಎಷ್ಟು ಸರಿಯಿತೆಂದು ಅಳೆಯುವ ಉಪಕರಣ) ಇದ್ದರೆ ಅದನ್ನೇ ಮೊದಲು ನೋಡಿ. ಒಟ್ಟು ಸಂಖ್ಯೆ ಬೇಡ. ಹೋದ ವಾರದಿಂದ ಈ ವಾರಕ್ಕೆ ಪಕ್ಕಕ್ಕೆ ಎಷ್ಟು ಸರಿಯಿತು, ಕೆಳಗೆ ಎಷ್ಟು ಇಳಿಯಿತು, ಈ ಎರಡರ ಅನುಪಾತ ತೆಗೆಯಿರಿ. ಮಣ್ಣು ಹಾಕುವುದು ನಿಂತು ನೀರು ಸರಿಯಾಗಿ ಬಸಿಯುತ್ತಿದ್ದರೆ ಇದು 0.2ರ ಒಳಗೆ ಇರುವುದು ಸಾಮಾನ್ಯ. 1ರ ಹತ್ತಿರ ಹೋಗುತ್ತಿದ್ದರೆ ಉಳಿದ ತನಿಖೆ ಆಮೇಲೆ ನೋಡೋಣ, ಮೊದಲು ಮಣ್ಣು ಹಾಕುವುದನ್ನು ನಿಲ್ಲಿಸಿ. ಬುಡದ ಆಚೆ ಗದ್ದೆ ಉಬ್ಬಿದೆಯಾ, ಏರಿಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯಾ ಅಂತ ಸುತ್ತ ನಡೆದು ನೋಡಿ. ನಮ್ಮಲ್ಲಿ ಅನುಪಾತ 0.15ರ ಆಸುಪಾಸು ಇತ್ತು. ಬಿರುಕು ಇರಲಿಲ್ಲ. ಹಾಗಾಗಿ ನಿಧಾನವಾಗಿ ಯೋಚಿಸಲು ಸಮಯ ಸಿಕ್ಕಿತು.

ಮೊದಲ ಸಲ: 68 ಮತ್ತು 41

ಮಣ್ಣು ಹಾಕಿ ಮುಗಿದ ಮೇಲೆ 15 ದಿನಕ್ಕೊಮ್ಮೆ ಓದಿದ ಕುಸಿತ 600, 720, 816 ಮಿ.ಮೀ. ಇದರಿಂದ ಅಂದಾಜಿಸಿದ ಕೊನೆಯ ಕುಸಿತ 1200 (ಹೇಗೆಂದು ಮುಂದೆ ಹೇಳುತ್ತೇನೆ). ಅಂದರೆ 816ರ ಹೊತ್ತಿಗೆ 68 ಶೇಕಡಾ ಕೆಲಸ ಮುಗಿದಿರಬೇಕು. ಆದರೆ 6 ಮೀಟರ್ ಆಳದ ಪೀಜೋಮೀಟರ್ 45 ಕಿಲೋಪಾಸ್ಕಲ್ ಹೆಚ್ಚುವರಿ ಒತ್ತಡ (ಆ ಆಳದ ನೀರಿಗೆ ಸಹಜವಾಗಿ ಇರುವುದಕ್ಕಿಂತ ಮೇಲಿನದು) ತೋರಿಸುತ್ತಿತ್ತು. 4 ಮೀಟರ್ ಮಣ್ಣು, ಘನ ಮೀಟರಿಗೆ 19 ಕಿಲೋನ್ಯೂಟನ್, ಒಟ್ಟು ಭಾರ 76. 76ರಲ್ಲಿ 45 ಇನ್ನೂ ನೀರಿನ ಮೇಲೇ ಇದೆ, ಕಣಗಳಿಗೆ ದಾಟಿದ್ದು 31, ಅಂದರೆ ಬರೀ 41 ಶೇಕಡಾ. ಮೀಟಿಂಗಿನಲ್ಲಿ ಎಲ್ಲರೂ ಪೀಜೋಮೀಟರ್ ಕೆಟ್ಟಿದೆ ಅಂದರು.

ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಹಳೆಯ ಓದುಗಳೇ ಸಾಕು. ಮಣ್ಣು ಹಾಕಿದ ದಿನಗಳಿಗೆ ಹಿಂದೆ ಹೋಗಿ. 30 ಸೆಂ.ಮೀ. ಪದರ ಹಾಕಿದರೆ ಸುಮಾರು 6 ಕಿಲೋಪಾಸ್ಕಲ್ ಭಾರ. ಅಗಲವಾದ ಏರಿಯ ಮಧ್ಯದಲ್ಲಿ, ಜೇಡಿಯೊಳಗೆ ಸರಿಯಾಗಿ ಕೂತ ಪೀಜೋಮೀಟರ್ ಆ ದಿನವೇ ಅದರ ಬಹುಪಾಲನ್ನು ತೋರಿಸಬೇಕು. ತೋರಿಸಿದ್ದರೆ ಉಪಕರಣ ಜೀವಂತ. ಎರಡು ಮೂರು ದಿನ ಎಳೆದು ನಿಧಾನವಾಗಿ ಏರಿದ್ದರೆ ಫಿಲ್ಟರಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರಬಹುದು. ಫಿಲ್ಟರನ್ನು ನೀರಿನೊಳಗೇ ಮುಳುಗಿಸಿ ಜೋಡಿಸದೆ ಒಣಗಿದ್ದನ್ನೇ ಇಳಿಸಿದರೆ ಹೀಗಾಗುತ್ತದೆ. ಏರಲೇ ಇಲ್ಲ, ಅಥವಾ ಏರಿದ್ದು ಒಂದೇ ದಿನದಲ್ಲಿ ಸೊನ್ನೆಗೆ ಬಂತು ಅಂದರೆ ಬೋರಿನ ತೂತು ಮುಚ್ಚಲು ಹಾಕಿದ ಬೆಂಟೊನೈಟ್ ಜೇಡಿಯ ಸೀಲ್ ಸೋರುತ್ತಿದೆ. ಇಲ್ಲವೇ ತುದಿ ಡ್ರೈನ್ ಪಟ್ಟಿಗೇ ಅಂಟಿಕೊಂಡಿದೆ. ಅಂಥ ಪೀಜೋಮೀಟರ್ ಖುಷಿ ಕೊಡುವ ಸಂಖ್ಯೆಯನ್ನೇ ಹೇಳುತ್ತದೆ, ಆದರೆ ಅದು ಜೇಡಿಯ ಸುದ್ದಿ ಅಲ್ಲ. ತೆರೆದ ಕೊಳವೆಯ ಹಳೆ ಮಾದರಿಯದ್ದಾದರೆ ಅದು ತಡವಾಗಿಯೇ ಹೇಳುತ್ತದೆ. ಕೊಳವೆ ತುಂಬುವಷ್ಟು ನೀರು ಜೇಡಿಯಿಂದ ಬರಬೇಕಲ್ವಾ?

ಬಿಗಿದ ತಂತಿಯ ಕಂಪನದಿಂದ ಒತ್ತಡ ತಿಳಿಸುವ ವೈಬ್ರೇಟಿಂಗ್ ವೈರ್ ಮಾದರಿ ಓದುವ ಹೊಸಬರು ಒಂದು ಕಡೆ ಎಡವುತ್ತಾರೆ. ಮೀಟರಿನಲ್ಲಿ ಕಾಣುವ ಸಂಖ್ಯೆ ಒತ್ತಡ ಅಲ್ಲ. ಅದು ತಂತಿಯ ಕಂಪನಾಂಕದ ವರ್ಗವನ್ನು 1000ರಿಂದ ಭಾಗಿಸಿದ್ದು. ಸಾಮಾನ್ಯವಾಗಿ ಒತ್ತಡ ಏರಿದರೆ ಈ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿಯಿತು, ಒತ್ತಡ ಇಳಿಯಿತು ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದರ ಜೊತೆಗೆ, ಇಳಿಸುವ ಮೊದಲು ತೆಗೆದ ಸೊನ್ನೆ ಓದನ್ನೂ ಪರೀಕ್ಷಿಸಿ. ಅದನ್ನು ಬಿಸಿಲಿನಲ್ಲಿ ಕಾದ ಉಪಕರಣದ ಮೇಲೆ ತೆಗೆದಿದ್ದರೆ ಮುಂದಿನ ಎಲ್ಲ ಓದಿನಲ್ಲೂ ಅದೇ ತಪ್ಪು ಕೂತಿರುತ್ತದೆ.

ನಮ್ಮದು ಈ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಉಪಕರಣ ಸರಿಯಿತ್ತು. ಹಾಗಾದರೆ ತಪ್ಪು ಲೆಕ್ಕದಲ್ಲೇ ಇರಬೇಕು.

ಒಂದು, ಪೀಜೋಮೀಟರ್ ತುದಿ ಕೂಡ ಜೇಡಿಯ ಜೊತೆ ಇಳಿಯುತ್ತದೆ. 0.3 ಮೀಟರ್ ಇಳಿದಿತ್ತು. ಅಷ್ಟು ಜಾಸ್ತಿ ಆಳಕ್ಕೆ 3 ಕಿಲೋಪಾಸ್ಕಲ್ ಸಹಜವಾಗಿಯೇ ಹೆಚ್ಚಾಗುತ್ತದೆ. ಅದು ಹೆಚ್ಚುವರಿ ಒತ್ತಡ ಅಲ್ಲ. ಎರಡು, ನೆಲದ ನೀರಿನ ಮಟ್ಟ. ಬೋರ್ ಹೊಡೆದದ್ದು ಬೇಸಿಗೆಯಲ್ಲಿ, ಆಗ ನೀರು ಅರ್ಧ ಮೀಟರ್ ಕೆಳಗಿತ್ತು. ಮಣ್ಣು ಹಾಕಿದ್ದು ಮಳೆಗಾಲ ಕಳೆದ ಮೇಲೆ, ನೀರು ನೆಲಮಟ್ಟದಲ್ಲೇ ನಿಂತಿತ್ತು. ಲೆಕ್ಕದಲ್ಲಿ ಮಾತ್ರ ಬೇಸಿಗೆಯ ಮಟ್ಟವೇ ಉಳಿದಿತ್ತು. ಅದಕ್ಕೆ 5. ಹಾಗಾಗಿ ನಿಜವಾದ ಹೆಚ್ಚುವರಿ ಒತ್ತಡ 45 ಅಲ್ಲ, 37. ಮೂರು, ನೆಲ ಇಳಿದ ಹಾಗೆ ಏರಿಯ ತಳ 0.8 ಮೀಟರ್ ನೀರಿನೊಳಗೆ ಮುಳುಗಿದೆ. ಮುಳುಗಿದ ಮಣ್ಣು ಹಗುರಾಗುತ್ತದೆ. ಭಾರ 76ರಿಂದ 68ಕ್ಕೆ ಇಳಿಯಿತು. ಈಗ ಶೇಕಡಾ 46.

ಇನ್ನೂ 22ರ ಅಂತರ ಉಳಿಯಿತು. ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ. ಆದರೆ ಒತ್ತಡದ ಶೇಕಡಾ ಮತ್ತು ಕುಸಿತದ ಶೇಕಡಾ ಸಮ ಇರಬೇಕು ಅಂತ ಯಾರು ಹೇಳಿದರು? 1925ರಲ್ಲಿ ಕಾರ್ಲ್ ಟರ್ಜಾಗಿ ಕೊಟ್ಟ ಸಿದ್ಧಾಂತದಲ್ಲಿ ಅವು ಸಮ, ಯಾಕೆಂದರೆ ಅಲ್ಲಿ ಭಾರಕ್ಕೂ ಕುಸಿತಕ್ಕೂ ನೇರ ಸಂಬಂಧ ಅಂತ ಇಟ್ಟುಕೊಂಡಿದೆ. ನಿಜವಾದ ಜೇಡಿಯಲ್ಲಿ ಕುಸಿತ ಭಾರದ ಲಾಗರಿದಂ ಪ್ರಕಾರ ಹೋಗುತ್ತದೆ. ಮೊದಲ ಕೆಲವು ಕಿಲೋಪಾಸ್ಕಲಿಗೆ ಜಾಸ್ತಿ ಇಳಿಯುತ್ತದೆ, ಆಮೇಲೆ ಕಡಿಮೆ. 6 ಮೀಟರ್ ಆಳದಲ್ಲಿ ಮೊದಲಿದ್ದ ಪರಿಣಾಮಿ ಒತ್ತಡ (ಮಣ್ಣಿನ ಕಣಗಳೇ ಹೊರುವ ಭಾರ) 30. ಕೊನೆಗೆ ಆಗಬೇಕಾದ್ದು 98. ಈಗ ಇರುವುದು 30ಕ್ಕೆ 31 ಸೇರಿ 61. 61ನ್ನು 30ರಿಂದ ಭಾಗಿಸಿ ಲಾಗ್ ತೆಗೆಯಿರಿ, 98ನ್ನು 30ರಿಂದ ಭಾಗಿಸಿ ಲಾಗ್ ತೆಗೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 0.60 ಬರುತ್ತದೆ. ಅಂದರೆ 60 ಶೇಕಡಾ. ಪ್ಲೇಟ್ ಹೇಳಿದ್ದು 68. ಉಳಿದ 8 ದೊಡ್ಡದಲ್ಲ. ಪೀಜೋಮೀಟರ್ ಕೂತಿರುವುದು ಪಟ್ಟಿಗಳ ನಡುಮಧ್ಯೆ, ಎಲ್ಲಕ್ಕಿಂತ ತಡವಾಗಿ ಬಸಿಯುವ ಜಾಗದಲ್ಲಿ. ಪ್ಲೇಟ್ ಇಡೀ ಆಳದ ಸರಾಸರಿ ಹೇಳುತ್ತದೆ.

ಯಾವ ಉಪಕರಣವೂ ಕೆಟ್ಟಿರಲಿಲ್ಲ. ನಾಲ್ಕು ಸಣ್ಣ ಲೆಕ್ಕ ಬಿಟ್ಟುಹೋಗಿತ್ತು, ಅಷ್ಟೇ.

ಪ್ಲೇಟನ್ನೂ ಸುಮ್ನೆ ನಂಬಬೇಡಿ

ಮುಂದಿನ ಓದು 893. ಎಲ್ಲ ಸರಿಯಿತ್ತು. ಆಮೇಲೆ 925, ಮತ್ತೆ 950. ಹದಿನೈದು ದಿನಕ್ಕೆ 77 ಮಿ.ಮೀ. ಇಳಿಯುತ್ತಿದ್ದ ನೆಲ ಒಮ್ಮೆಲೇ 32ಕ್ಕೆ, ಆಮೇಲೆ 25ಕ್ಕೆ ಬಂತು.

ಇಂಥ ಹೊತ್ತಿನಲ್ಲಿ ಪ್ಲೇಟನ್ನು ಪರೀಕ್ಷಿಸಬೇಕು. ಬೆಂಚ್‌ಮಾರ್ಕ್, ಅಂದರೆ ಎತ್ತರ ಅಳೆಯಲು ಆಧಾರವಾದ ಸ್ಥಿರ ಗುರುತು, ಎಲ್ಲಿದೆ? ಅದೇ ಬೈಲಿನ ಹಳೆ ಮೋರಿಯ ಮೇಲೆ ಇದ್ದರೆ ಅದೂ ಇಳಿಯುತ್ತಿರುತ್ತದೆ. ಆಗ ಪ್ಲೇಟ್ ಕಡಿಮೆ ಇಳಿದ ಹಾಗೆ ಕಾಣುತ್ತದೆ. ಗುರುತು ಸುಲಭ: ಏರಿಯಿಂದ ದೂರದ, ಭಾರವೇ ಇಲ್ಲದ ಒಂದು ಗೂಟ ಮೇಲೆ ಏರಿದಂತೆ ಓದು ಬರುತ್ತದೆ. ನೆಲ ತಾನಾಗಿ ಏರುವುದಿಲ್ಲವಲ್ಲ. ನಮ್ಮ ಕರಾವಳಿಯಲ್ಲಿ ಹತ್ತಿರದಲ್ಲೇ ಮುರಕಲ್ಲಿನ ಗುಡ್ಡ ಸಿಗುತ್ತದೆ. ಸ್ವಲ್ಪ ದೂರವಾದರೂ ಬೆಂಚ್‌ಮಾರ್ಕ್ ಅಲ್ಲೇ ಇರಲಿ, ಲೆವೆಲ್ ತೆಗೆದು ವಾಪಸ್ ಅಲ್ಲಿಗೇ ಮುಗಿಸಿ.

ಇನ್ನೊಂದು ತಪ್ಪು ಪೈಪ್ ಜೋಡಿಸುವಾಗ ಆಗುತ್ತದೆ. ಮಣ್ಣು ಏರಿದ ಹಾಗೆ ಪ್ಲೇಟಿನ ಪೈಪನ್ನೂ ಉದ್ದ ಮಾಡಬೇಕು. 1.5 ಮೀಟರ್ ತುಂಡು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಕಪ್ಲಿಂಗಿನ ಮರೆಯೊಳಗೆ 25–30 ಮಿ.ಮೀ. ಹೋಗಿದ್ದನ್ನು ಬರೆಯುವುದಿಲ್ಲ. ಪ್ರತಿ ಸಲ ಪೈಪ್ ಜೋಡಿಸಿದಾಗಲೂ ಅಷ್ಟು ಕುಸಿತ ಸುಳ್ಳೇ ಸೇರಿಕೊಳ್ಳುತ್ತದೆ. ಜೋಡಿಸುವ ಮೊದಲು ಒಂದು ಓದು, ಜೋಡಿಸಿದ ತಕ್ಷಣ ಒಂದು ಓದು, ಎರಡೂ ಅದೇ ಗಂಟೆಯಲ್ಲಿ ತೆಗೆದರೆ ಈ ರಗಳೆಯೇ ಇಲ್ಲ. ಲಾರಿ ತಾಗಿ ಪೈಪ್ ವಾಲಿದೆಯಾ ಅಂತ ತೂಗುಗುಂಡು ಹಿಡಿದು ನೋಡುವುದು ಎರಡು ನಿಮಿಷದ ಕೆಲಸ. ಪೈಪಿಗೆ ಹೊರಗವಚ ಇಲ್ಲದಿದ್ದರೆ ಸುತ್ತಲಿನ ಮಣ್ಣೇ ಅದನ್ನು ಕೆಳಗೆ ಎಳೆಯುತ್ತದೆ.

ನಮ್ಮ ಪ್ಲೇಟುಗಳು ನೇರ ಇದ್ದವು. ಪೈಪ್ ಜೋಡಿಸಿ ತಿಂಗಳುಗಳಾಗಿತ್ತು. ಬೆಂಚ್‌ಮಾರ್ಕ್ ಗುಡ್ಡದ ಮೇಲಿತ್ತು. ಐದು ಪ್ಲೇಟುಗಳಲ್ಲಿ ಐದೂ ನಿಧಾನವಾಗಿದ್ದವು. ಅಂದರೆ ನೆಲವೇ ನಿಜವಾಗಿ ನಿಧಾನವಾಗಿತ್ತು.

ಎರಡನೇ ಸಲ: ಮುಗಿಯಿತು ಅಂತ ಹೇಳಿದ ಗೆರೆ

ಕೊನೆಯ ಕುಸಿತ ಅಂದಾಜಿಸಲು ನಾವು ಬಳಸಿದ್ದು ಜಪಾನಿನ ಅಸಾವೊಕಾ 1978ರಲ್ಲಿ ಕೊಟ್ಟ ವಿಧಾನ. ಸಮಾನ ಅಂತರದ ದಿನಗಳಲ್ಲಿ ಓದಿದ ಕುಸಿತ ತೆಗೆದುಕೊಳ್ಳಿ. ಹಿಂದಿನ ಓದು ಅಡ್ಡಕ್ಕೆ, ಈಗಿನ ಓದು ಉದ್ದಕ್ಕೆ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಒಂದು ಗೆರೆಯಲ್ಲಿ ಬರುತ್ತವೆ. ಆ ಗೆರೆ 45 ಡಿಗ್ರಿ ಗೆರೆಯನ್ನು ಮುಟ್ಟುವ ಕಡೆಯೇ ಕೊನೆಯ ಕುಸಿತ. ನಮ್ಮ ಚುಕ್ಕಿಗಳ ಗೆರೆ ಹೀಗಿತ್ತು: ಈಗಿನ ಓದು = 240 + 0.8 × ಹಿಂದಿನ ಓದು. ಮುಟ್ಟುವುದು 1200ರಲ್ಲಿ. ಇಳಿಜಾರು 0.8 ಅನ್ನುವುದರಿಂದ ಜೇಡಿ ಎಷ್ಟು ಬೇಗ ಬಸಿಯುತ್ತದೆ ಎಂಬುದೂ ಸಿಗುತ್ತದೆ. ಪಟ್ಟಿಯ ಅಳತೆ, ಅಂತರ ಹಾಕಿ ಲೆಕ್ಕ ಮಾಡಿದರೆ ಅಡ್ಡ ದಿಕ್ಕಿನ ಕನ್ಸಾಲಿಡೇಶನ್ ಗುಣಾಂಕ (ನೀರು ಬಸಿದು ಜೇಡಿ ಕೂರುವ ವೇಗದ ಅಳತೆ) ವರ್ಷಕ್ಕೆ ಸುಮಾರು 2.4 ಚದರ ಮೀಟರ್ ಬಂತು. ಪಟ್ಟಿ ಇಳಿಸುವಾಗ ಸುತ್ತಲಿನ ಜೇಡಿ ಕಲಸಿ ಹಾಳಾಗಿದ್ದನ್ನು ಇದರಲ್ಲಿ ಬೇರೆಯಾಗಿ ಹಿಡಿದಿಲ್ಲ.

ಈ ವಿಧಾನ ಸೊಗಸಾಗಿದೆ. ಆದರೆ ಅದರ ಹಿಂದೆ ಒಂದು ಷರತ್ತು ಇದೆ: ಭಾರ ಬದಲಾಗಬಾರದು, ನೀರು ಹೋಗುವ ದಾರಿಯೂ ಬದಲಾಗಬಾರದು. 893, 925, 950 ಈ ಮೂರನ್ನೇ ಇಟ್ಟು ಹೊಸ ಗೆರೆ ಎಳೆದರೆ ಅದು 1040ರ ಹತ್ತಿರ ಮುಟ್ಟುತ್ತದೆ. ಅಂದರೆ 91 ಶೇಕಡಾ ಮುಗಿಯಿತು, ಇನ್ನು ರಸ್ತೆ ಹಾಕಬಹುದು! ಕೆಲಸ ಬೇಗ ಮುಗಿಸಬೇಕಾದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಪ್ರಸ್ತಾವವೂ ಬಂತು. ಆದರೆ ಪೀಜೋಮೀಟರ್ 30ರಿಂದ ಕದಲುತ್ತಿರಲಿಲ್ಲ, ಅದೂ ಎಲ್ಲ ತಿದ್ದುಪಡಿ ಮಾಡಿದ ಮೇಲೆ.

ಇದು ಮೊದಲ ಸಲದ ಲಕ್ಷಣ ಅಲ್ಲ ಎಂಬುದನ್ನು ಗಮನಿಸಿ. ಮೊದಲ ಸಲ ನೆಲ ಇಳಿಯುತ್ತಲೇ ಇತ್ತು, ಒತ್ತಡ ಹಿಂದೆ ಬಿದ್ದಿತ್ತು. ಈಗ ಎರಡೂ ಒಟ್ಟಿಗೆ ನಿಂತಿವೆ. ಜೇಡಿಯಲ್ಲಿ ನೀರು ಇದೆ, ತಳ್ಳುವ ಒತ್ತಡ ಇದೆ, ಆದರೂ ಹೊರಗೆ ಬರುತ್ತಿಲ್ಲ. ದಾರಿ ಕಟ್ಟಿಹೋಗಿದೆ ಅಂತ ಅರ್ಥ. ಎಲ್ಲಿ ಕಟ್ಟಿದೆ? ಜಾಸ್ತಿ ಕುಸಿದಾಗ ಪಟ್ಟಿಗಳು ಮಡಚಿಕೊಳ್ಳುತ್ತವೆ, ಅದರ ಫಿಲ್ಟರಿನೊಳಗೆ ನುಣ್ಣನೆ ಮಣ್ಣು ಸೇರುತ್ತದೆ. ಆದರೆ ಇವೆಲ್ಲ ನಿಧಾನಕ್ಕೆ ಆಗುವಂಥವು. ಐದೂ ಪ್ಲೇಟುಗಳು ಒಂದೇ ಹದಿನೈದು ದಿನದಲ್ಲಿ ನಿಧಾನವಾಗಬೇಕಾದರೆ ಕಾರಣ ಎಲ್ಲಕ್ಕೂ ಒಂದೇ ಆಗಿರಬೇಕು. ಅಂಥದ್ದು ಒಂದೇ ಇರುವುದು, ಮರಳಿನ ಹಾಸು.

ಸೈಟಿನ ಡೈರಿ ತೆಗೆದು ನೋಡಿದೆ. 893 ಓದಿದ ನಾಲ್ಕೈದು ದಿನದಲ್ಲಿ ಒಂದು ಸಾಲು ಇತ್ತು: ಮಳೆಗಾಲಕ್ಕೆ ಮುಂಚೆ ಏರಿಯ ಇಳಿಜಾರಿಗೆ ಕೆಂಪು ಮಣ್ಣಿನ ಹೊದಿಕೆ ಮಾಡಿದೆ. ಬುಡಕ್ಕೆ ಹೋಗಿ ನಿಂತೆವು. ಮೊದಲು ಅಲ್ಲಿ ಅರ್ಧ ಮೀಟರ್ ದಪ್ಪದ ಬಿಳಿ ಮರಳಿನ ಅಂಚು ಕಾಣುತ್ತಿತ್ತು, ಅದರ ಕೆಳಗೆ ಸದಾ ತೇವ, ಅಲ್ಲಲ್ಲಿ ಬೆರಳು ದಪ್ಪ ನೀರು. ಈಗ ಅಂಚೇ ಇರಲಿಲ್ಲ. ಒತ್ತಿ ಕೂರಿಸಿದ ಕೆಂಪು ಮಣ್ಣು ಗದ್ದೆಯವರೆಗೆ ಇಳಿದಿತ್ತು. ಕೆಳಗೆ ಒಣಗಿತ್ತು. ಆದರೆ ಎದೆಮಟ್ಟಕ್ಕೆ, ಇಳಿಜಾರಿನ ಮಧ್ಯೆ, ಕೈಯಗಲದ ಕಪ್ಪನೆ ತೇವದ ಪಟ್ಟಿ ಉದ್ದಕ್ಕೂ ಹೋಗಿತ್ತು. ಬೇಸಿಗೆಯ ಬಿಸಿಲಿನಲ್ಲಿ ಅಲ್ಲಿ ಮಾತ್ರ ಎಳೆ ಹುಲ್ಲು ಹಸಿರಾಗಿತ್ತು.

ಹೊದಿಕೆ ಒಡೆಯುವ ಮೊದಲು ಅಳೆದು ನೋಡಿದೆವು. ತೂತು ಮಾಡಿದ ಒಂದಿಂಚಿನ ಪೈಪನ್ನು ಹಾಸಿನವರೆಗೆ ಇಳಿಸಿದೆವು. ಮರುದಿನ ನೀರು ಹಾಸಿನಿಂದ 1.6 ಮೀಟರ್ ಮೇಲೆ ನಿಂತಿತ್ತು. ಅಂದರೆ ಪ್ರತಿ ಪಟ್ಟಿಯ ಬಾಯಿಯಲ್ಲೂ 16 ಕಿಲೋಪಾಸ್ಕಲ್ ಎದುರೊತ್ತಡ. 68ರ ಭಾರದಲ್ಲಿ ಜೇಡಿಗೆ ದಾಟಬಹುದಾದ್ದು ಇನ್ನು 52 ಮಾತ್ರ. ಮೊದಲಿನ ಲಾಗ್ ಲೆಕ್ಕಕ್ಕೆ ಹಾಕಿದರೆ 1200ರ 85 ಶೇಕಡಾ, ಅಂದರೆ 1020 ಮಿ.ಮೀ. ಹೊಸ ಗೆರೆ ಹೇಳುತ್ತಿದ್ದ 1040 ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಗೆರೆ ಸುಳ್ಳು ಹೇಳಿರಲಿಲ್ಲ. ಬಾಯಿ ಮುಚ್ಚಿದ ಏರಿ ಎಲ್ಲಿ ನಿಲ್ಲುತ್ತದೋ ಅದನ್ನೇ ಹೇಳುತ್ತಿತ್ತು. ಆ ನಂಬಿಕೆಯಲ್ಲಿ ರಸ್ತೆ ಹಾಕಿದ್ದರೆ, ಮುಂದೆ ಹೊದಿಕೆ ಕೊರೆದುಹೋದ ಮಳೆಗಾಲದಲ್ಲಿ ಉಳಿದ ಕುಸಿತ ರಸ್ತೆಯ ಮೇಲೆ ಬರುತ್ತಿತ್ತು.

ಗುದ್ದಲಿ ಹಾಕಿ ಕೆಂಪು ಮಣ್ಣು ಸೀಳಿದಾಗ ಮೊದಲು ಬೂದು ನೀರು ಬುಳುಬುಳು ಅಂತ ಬಂತು, ಆಮೇಲೆ ತಿಳಿಯಾಯಿತು. ಒಮ್ಮೆಲೇ ಉದ್ದಕ್ಕೂ ಬಿಚ್ಚಬೇಡಿ. ನೀರು ತುಂಬಿದ ಇಳಿಜಾರು ಕುಸಿಯುತ್ತದೆ. ನಾವು 10 ಮೀಟರಿಗೊಂದು ಸೀಳು ತೆಗೆದು, ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಸುತ್ತಿದ ಜಲ್ಲಿ ತುಂಬಿ, ಬುಡದ ಕಾಲುವೆಗೆ ಸೇರಿಸಿದೆವು.

ಜೇಡಿಯನ್ನೇ ದೂರುವುದು ಯಾವಾಗ

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಆಗ ಮಣ್ಣಿನ ಕಡೆ ತಿರುಗಿ. ಲ್ಯಾಬಿನ ಪರೀಕ್ಷೆ ಭಾರತೀಯ ಮಾನಕ ಐಎಸ್ 2720ರ 15ನೇ ಭಾಗದ ಪ್ರಕಾರ 20 ಮಿ.ಮೀ. ದಪ್ಪದ ಬಿಲ್ಲೆಯ ಮೇಲೆ ಆಗಿರುತ್ತದೆ. 12 ಮೀಟರ್ ಜೇಡಿಯಲ್ಲಿ ಇರುವ ತೆಳು ಮರಳಿನ ಎಳೆ ಆ ಬಿಲ್ಲೆಯಲ್ಲಿ ಸಿಗುವುದಿಲ್ಲ. ಬಿಲ್ಲೆಯಲ್ಲಿ ನೀರು ಮೇಲೆ ಕೆಳಗೆ ಹೋಗುತ್ತದೆ, ಸೈಟಿನಲ್ಲಿ ಅಡ್ಡಕ್ಕೆ. ಅದಕ್ಕೇ ಲ್ಯಾಬ್ ಸಂಖ್ಯೆಗೂ ಸೈಟಿಗೂ ಎರಡು ಮೂರು ಪಟ್ಟು ಅಂತರ ಬಂದರೆ ನಾನು ಗಾಬರಿಯಾಗುವುದಿಲ್ಲ. ಲ್ಯಾಬಿನ ಗ್ರಾಫ್ ಓದುವಾಗಲೂ ಕೈ ತಪ್ಪುತ್ತದೆ. ಗೆರೆಯ ಆಕಾರ ಕೆಟ್ಟದಾಗಿದ್ದರೆ ಒಂದೇ ವಿಧಾನ ನಂಬಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀಧರನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ರೆಕ್ಟ್ಯಾಂಗ್ಯುಲರ್ ಹೈಪರ್ಬೋಲಾ ವಿಧಾನದಲ್ಲಿ ಸಮಯವನ್ನು ಕುಸಿತದಿಂದ ಭಾಗಿಸಿ ಸಮಯದ ಎದುರು ಹಾಕಿದರೆ ನೇರ ಗೆರೆ ಸಿಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಅದು ಚೆನ್ನಾಗಿದೆ.

ಒತ್ತಡ ಸೊನ್ನೆಯಾದರೂ ನೆಲ ಇಳಿಯುತ್ತಲೇ ಇದ್ದರೆ ಎರಡು ಕಾರಣ ಇರಬಹುದು. ಕೊಳೆತ ಎಲೆ ಬೇರು ಸೇರಿದ ಮಣ್ಣಾದರೆ ಅದು ನೀರು ಹೋದ ಮೇಲೂ ನಿಧಾನಕ್ಕೆ ಮುದುಡುತ್ತದೆ. ಇಲ್ಲವೇ ಪಟ್ಟಿ ಮುಟ್ಟದ ಆಳದ ಪದರ ಇಳಿಯುತ್ತಿರುತ್ತದೆ. ಜಪಾನಿನ ಕಾನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ಶುರುವಾಯಿತು. ಅಲ್ಲಿ ಮೇಲಿನ ಮೆತ್ತನೆ ಜೇಡಿಗೆ ಮರಳಿನ ಡ್ರೈನ್ ಹಾಕಿದ್ದರು, ಅದು ಬೇಗ ಇಳಿದು ಮುಗಿಯಿತು. ಅದರ ಕೆಳಗಿನ ದಪ್ಪ ಹಳೆ ಜೇಡಿಗೆ ಡ್ರೈನ್ ಇರಲಿಲ್ಲ. ದ್ವೀಪ ಆಮೇಲೂ ವರ್ಷಗಟ್ಟಲೆ ಇಳಿಯುತ್ತಾ ಬಂತು. ಮೇಲಿನ ಒಂದೇ ಪ್ಲೇಟ್ ಇಂಥದ್ದನ್ನು ಬೇರೆ ಮಾಡಿ ತೋರಿಸುವುದಿಲ್ಲ. ಬೋರಿನೊಳಗೆ ಬೇರೆ ಬೇರೆ ಆಳಕ್ಕೆ ಮ್ಯಾಗ್ನೆಟ್ ಉಂಗುರ ಕೂರಿಸಿದರೆ ಯಾವ ಪದರ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತದೆ.

ನಮ್ಮ ಸೈಟಿಗೆ ಅದು ಬೇಕಾಗಲಿಲ್ಲ. ಸೀಳು ತೆಗೆದ ಮೂರನೇ ದಿನಕ್ಕೆ ಹಾಸಿನ ಪೈಪಿನಲ್ಲಿ ನೀರು ಹಾಸಿನ ಮಟ್ಟಕ್ಕೆ ಇಳಿಯಿತು. ಪೀಜೋಮೀಟರ್ ಮತ್ತೆ ಕದಲಿತು. ಹದಿನೈದನೇ ದಿನ ಬೆಳಗ್ಗೆ ಲೆವೆಲ್ ತೆಗೆದಾಗ 950 ಇದ್ದದ್ದು 1000 ಆಗಿತ್ತು. 240 + 0.8 × 950. ಚುಕ್ಕಿ ಹಳೆಯ ಗೆರೆಯ ಮೇಲೆ ಬಂದು ಕೂತಿತು. ಆ ದಿನದಿಂದ ಹಾಸಿನ ಪೈಪಿನ ನೀರಿನ ಮಟ್ಟಕ್ಕೂ ಓದಿನ ಹಾಳೆಯಲ್ಲಿ ಒಂದು ಕಾಲಂ ಹಾಕಿದೆವು, ಪ್ಲೇಟ್ ಮತ್ತು ಪೀಜೋಮೀಟರಿನ ಪಕ್ಕದಲ್ಲೇ.